ಝೆರ್ಟ್ (ತಮಾಷೆ)

ಝೆರ್ಟ್ ಚೆಕ್ ಲೇಖಕ ಮಿಲನ್ ಕುಂದೇರಾ (1929–2023) ಬರೆದ ಮೊದಲ ಕಾದಂಬರಿ. ಚೆಕೊಸ್ಲೊವಾಕಿಯದ ಕಮ್ಯುನಿಸ್ಟ್ ಆಳ್ವಿಕೆಯ ಮೊದಲೆರಡು ದಶಕಗಳ ಬದುಕನ್ನು ವಸ್ತುವಾಗಿಟ್ಟುಕೊಂಡ ವಿಡಂಬನ ಕೃತಿ. 1965ರ ಡಿಸೆಂಬರಿನಲ್ಲಿ ಬರೆದು ಮುಗಿದ ಇದು 1967ರಲ್ಲಿ ಪ್ರಾಗ್‌ನಲ್ಲಿ ಅಚ್ಚಾಯಿತು. 1968ರ ಸೋವಿಯತ್ ಆಕ್ರಮಣದ ನಂತರ ನಿಷೇಧಕ್ಕೊಳಗಾಗಿ 1989ರ ಕೊನೆಯವರೆಗೂ ತನ್ನ ನಾಡಿನ ಅಂಗಡಿ ಮತ್ತು ಗ್ರಂಥಾಲಯಗಳಿಂದ ಹೊರಗುಳಿಯಿತು. ನಿಷೇಧಿತ ಕೃತಿಯೆಂದೇ ಹೆಸರಾದರೂ ಇದರ ನಿಷೇಧದ ಕ್ರಮ ತಿರುಗುಮುರುಗಾದದ್ದು: ಮೊದಲು ಸೆನ್ಸಾರಿನ ಒಪ್ಪಿಗೆ, ಬಳಿಕ ಬಹುಮಾನ, ಕೊನೆಗೆ ನಿಷೇಧ.

ಹೆಸರು

ಚೆಕ್ ಭಾಷೆಯ ‘ಝೆರ್ಟ್’ ಪದಕ್ಕೆ ತಮಾಷೆ, ಚೇಷ್ಟೆ, ನಗೆಮಾತು ಎಂಬ ಅರ್ಥಗಳಿವೆ. ಯಾರನ್ನಾದರೂ ಕೆಣಕಲೆಂದು ಆಡುವ ಹಗುರ ಮಾತಿಗೂ ಯಾರ ಮೇಲಾದರೂ ಹೂಡುವ ಕುಚೇಷ್ಟೆಗೂ ಈ ಒಂದೇ ಪದ ಸಲ್ಲುತ್ತದೆ. ಕಾದಂಬರಿ ಎರಡು ಅರ್ಥಗಳನ್ನೂ ಬಳಸಿಕೊಳ್ಳುವುದರಿಂದ ಕನ್ನಡದಲ್ಲಿ ‘ತಮಾಷೆ’ ಎಂಬುದು ಹೆಚ್ಚು ಹೊಂದುತ್ತದೆ. ‘ಹಾಸ್ಯ’ ಎಂದರೆ ಎರಡನೆಯ ಅರ್ಥ ಕೈತಪ್ಪುತ್ತದೆ. ಈ ಲೇಖನದಲ್ಲಿ ‘ಪಕ್ಷ’ ಎಂದಿರುವಲ್ಲೆಲ್ಲ ಚೆಕೊಸ್ಲೊವಾಕಿಯದ ಕಮ್ಯುನಿಸ್ಟ್ ಪಕ್ಷವೆಂದು ತಿಳಿಯಬೇಕು.

ಚಾರಿತ್ರಿಕ ಹಿನ್ನೆಲೆ

1948ರ ಫೆಬ್ರವರಿಯಲ್ಲಿ ಪಕ್ಷ ಸಂಪೂರ್ಣ ಅಧಿಕಾರ ಹಿಡಿಯಿತು. ನಾಜಿ ಆಡಳಿತದಿಂದ ಬಿಡುಗಡೆ ತಂದುಕೊಟ್ಟ ಸೋವಿಯತ್ ಒಕ್ಕೂಟದ ಬಗ್ಗೆ ಚೆಕ್ ಯುವಜನರಲ್ಲಿ ಆಗ ನಿಜವಾದ ಉತ್ಸಾಹವಿತ್ತು. ಪಕ್ಷ ಸೇರಿದ ವಿದ್ಯಾರ್ಥಿಗಳಲ್ಲಿ ಹಲವರು ಬಲವಂತಕ್ಕೆ ಸೇರಿದವರಲ್ಲ, ನಂಬಿ ಸೇರಿದವರು. ಆ ನಂಬಿಕೆಯ ಕಾಲದಲ್ಲೇ ಉಚ್ಚಾಟನೆ, ಬಂಧನ, ವಿಚಾರಣೆಗಳೂ ನಡೆದವು. 1952ರ ಸ್ಲಾನ್ಸ್ಕಿ ಮೊಕದ್ದಮೆಯಲ್ಲಿ ಪಕ್ಷದ ಮಾಜಿ ಪ್ರಧಾನ ಕಾರ್ಯದರ್ಶಿಯೂ ಸೇರಿ 14 ಮಂದಿಯ ಮೇಲೆ ದ್ರೋಹದ ಆರೋಪ ಹೊರಿಸಿ, 11 ಮಂದಿಯನ್ನು ಗಲ್ಲಿಗೇರಿಸಲಾಯಿತು.

ರಾಜಕೀಯವಾಗಿ ನಂಬಲಾಗದವರೆಂದು ಗುರುತಿಸಿದ ಯುವಕರನ್ನು ಸೈನ್ಯಕ್ಕೆ ಸೇರಿಸಿಕೊಂಡರೂ ಕೈಗೆ ಬಂದೂಕು ಕೊಡುತ್ತಿರಲಿಲ್ಲ. 1950ರಿಂದ 1954ರವರೆಗೆ ಇದ್ದ ‘ಸಹಾಯಕ ತಾಂತ್ರಿಕ ದಳ’ಗಳಲ್ಲಿ ಅವರನ್ನು ಗಣಿ ಮತ್ತು ಕಟ್ಟಡದ ಕೆಲಸಕ್ಕೆ ಹಚ್ಚುತ್ತಿದ್ದರು. ಸಮವಸ್ತ್ರದ ಮೇಲಿನ ಕಪ್ಪು ಬಿಲ್ಲೆಯಿಂದಾಗಿ ಇವರಿಗೆ ‘ಕಪ್ಪು ಬ್ಯಾರನ್‌ಗಳು’ ಎಂಬ ಅಡ್ಡಹೆಸರು ಬಿತ್ತು. ಕಾದಂಬರಿಯ ಮೂರನೆಯ ಭಾಗ ನಡೆಯುವುದು ಇಂಥದೇ ಒಂದು ದಳದಲ್ಲಿ, ಒಸ್ಟ್ರಾವಾದ ಕಲ್ಲಿದ್ದಲ ಗಣಿಗಳಲ್ಲಿ.

ಸ್ಟಾಲಿನ್ ತೀರಿಕೊಂಡ ಮೇಲೂ ಪ್ರಾಗ್‌ನಲ್ಲಿ ಬಿಗಿ ಸಡಿಲಾಗಲು ಬಹಳ ಕಾಲ ಹಿಡಿಯಿತು. ನಗರದ ಬೃಹತ್ ಸ್ಟಾಲಿನ್ ಸ್ಮಾರಕವನ್ನು ಒಡೆದದ್ದು 1962ರಲ್ಲಿ. ಅದರ ಮರುವರ್ಷ ಲಿಬ್ಲಿತ್ಸೆಯಲ್ಲಿ ಕಾಫ್ಕಾ ಕುರಿತ ಸಮ್ಮೇಳನ ನಡೆದು ಆ ಲೇಖಕನ ಕೃತಿಗಳಿಗೆ ಮತ್ತೆ ಬಾಗಿಲು ತೆರೆಯಿತು. ಝೆರ್ಟ್ ಬರೆದದ್ದು ಈ ಸಡಿಲಿಕೆಯ ನಡುಗಾಲದಲ್ಲಿ.

ರಚನೆ ಮತ್ತು ಪ್ರಕಟಣೆ

ಕುಂದೇರಾ 1929ರ ಏಪ್ರಿಲ್ 1ರಂದು ಮೊರಾವಿಯಾದ ಬ್ರನೊ ನಗರದಲ್ಲಿ ಜನಿಸಿದರು. ತಂದೆ ಲುಡ್ವಿಕ್ ಕುಂದೇರಾ ಪಿಯಾನೊ ವಾದಕ, ಸಂಗೀತಕಾರ ಯಾನಾಚೆಕ್‌ನ ಶಿಷ್ಯ. ಹದಿಹರೆಯ ದಾಟುವ ಹೊತ್ತಿಗೆ ಪಕ್ಷ ಸೇರಿದ ಮಿಲನ್‌ರನ್ನು 1950ರಲ್ಲಿ ಉಚ್ಚಾಟಿಸಲಾಯಿತು. 1956ರಲ್ಲಿ ಮರಳಿ ಸೇರಿಸಿಕೊಂಡು 1970ರಲ್ಲಿ ಮತ್ತೆ ಹೊರಹಾಕಿದರು. 1950ರಲ್ಲಿ ಅವರ ಜೊತೆಗೇ ಉಚ್ಚಾಟನೆಗೊಂಡ ಗೆಳೆಯ ಯಾನ್ ಟ್ರೆಫುಲ್ಕಾ ಅದೇ ಪ್ರಸಂಗವನ್ನು ಎತ್ತಿಕೊಂಡು 1962ರಲ್ಲಿ ಒಂದು ನೀಳ್ಗತೆ ಪ್ರಕಟಿಸಿದ್ದ. ಝೆರ್ಟ್‌ನ ಉಚ್ಚಾಟನೆಯ ಪ್ರಸಂಗಕ್ಕೆ ಈ ಅನುಭವದ ಹಿನ್ನೆಲೆಯಿದೆ. ಕಥೆಯ ಇನ್ನೊಂದು ಬೀಜ ಬೇರೆಡೆಯದು: ಪ್ರಿಯಕರನಿಗೆ ಕೊಡಲೆಂದು ಸ್ಮಶಾನದಿಂದ ಹೂ ಕದ್ದು ಸಿಕ್ಕಿಬಿದ್ದ ಹುಡುಗಿಯೊಬ್ಬಳ ಸುದ್ದಿ. ಅದು ತಮ್ಮ ಮನಸ್ಸಿನಲ್ಲಿ ನಿಂತುಹೋಗಿತ್ತೆಂದು ಲೇಖಕರೇ ಮುಂದೆ ಬರೆದಿದ್ದಾರೆ.

ಹಸ್ತಪ್ರತಿ ಲೇಖಕರ ಸಂಘದ ಪ್ರಕಾಶನವಾದ ಚೆಸ್ಕೊಸ್ಲೊವೆನ್ಸ್ಕಿ ಸ್ಪಿಸೊವತೆಲ್‌ಗೆ ಹೋಯಿತು. ಅಲ್ಲಿಂದ ಸೆನ್ಸಾರ್ ಕಚೇರಿಗೆ ಹೋಗಿ ಸುಮಾರು ಒಂದು ವರ್ಷ ಕೂತಿತು. ಬದಲಾವಣೆಗೆ ಕುಂದೇರಾ ಒಪ್ಪಲಿಲ್ಲ. ಕೊನೆಗೆ ಒಂದು ಸಾಲೂ ಬದಲಾಗದೆ ಪುಸ್ತಕ ಹೊರಬಂದಿತು. ಬೆನ್ನುಬೆನ್ನಿಗೆ ಬಂದ ಮೂರು ಮುದ್ರಣಗಳಿಂದ ಒಟ್ಟು ಸುಮಾರು 1,20,000 ಪ್ರತಿಗಳು ಓದುಗರನ್ನು ತಲುಪಿದವು. 1968ರಲ್ಲಿ ಚೆಕೊಸ್ಲೊವಾಕ್ ಲೇಖಕರ ಸಂಘದ ಬಹುಮಾನ ಬಂದಿತು. ಇದರ ನಡುವೆ, 1967ರ ಜೂನ್‌ನಲ್ಲಿ ನಡೆದ ಲೇಖಕರ ನಾಲ್ಕನೆಯ ಮಹಾಸಭೆಯಲ್ಲಿ ಸೆನ್ಸಾರಿನ ವಿರುದ್ಧ ಬಹಿರಂಗವಾಗಿ ದನಿಯೆತ್ತಿದವರಲ್ಲಿ ಕುಂದೇರಾ ಒಬ್ಬರು. ಮುಂದಿನ ವರ್ಷದ ರಾಜಕೀಯ ಸುಧಾರಣೆಯ ಅಲೆಯಾದ ‘ಪ್ರಾಗ್ ವಸಂತ’ಕ್ಕೆ ಆ ಸಭೆಯನ್ನು ಮುನ್ನುಡಿಯೆಂದು ಚರಿತ್ರೆಕಾರರು ಎಣಿಸುತ್ತಾರೆ.

ಕಥಾವಸ್ತು

ಪ್ರಾಗ್‌ನ ವಿದ್ಯಾರ್ಥಿ ಲುಡ್ವಿಕ್ ಯಾನ್ ಪಕ್ಷದ ನಿಷ್ಠಾವಂತ ಸದಸ್ಯ. ಅವನು ಮೆಚ್ಚಿದ ಮಾರ್ಕೇಟಾ ಎಲ್ಲವನ್ನೂ ಗಂಭೀರವಾಗಿ ತೆಗೆದುಕೊಳ್ಳುವ ಹುಡುಗಿ. ಅವನ ಜೊತೆ ಕಾಲ ಕಳೆಯುವುದನ್ನು ಬಿಟ್ಟು ಪಕ್ಷದ ತರಬೇತಿ ಶಿಬಿರಕ್ಕೆ ಹೋಗಿ, ಅಲ್ಲಿಂದ ಸಂತೋಷ ತುಂಬಿದ ಪತ್ರ ಬರೆಯುತ್ತಾಳೆ. ಅವಳನ್ನು ಕೆಣಕಲು ಲುಡ್ವಿಕ್ ಒಂದು ಅಂಚೆಕಾರ್ಡು ಹಾಕುತ್ತಾನೆ. ಅದರಲ್ಲಿರುವುದು ಮೂರೇ ಚುಟುಕು ವಾಕ್ಯ. ಧರ್ಮದ ಬಗ್ಗೆ ಮಾರ್ಕ್ಸ್ ಆಡಿದ ಅಫೀಮಿನ ಮಾತನ್ನು ಆಶಾವಾದಕ್ಕೆ ತಿರುಗಿಸುವುದು ಒಂದು, ಶಿಬಿರದ ‘ಆರೋಗ್ಯಕರ ವಾತಾವರಣ’ವನ್ನು ಲೇವಡಿ ಮಾಡುವುದು ಇನ್ನೊಂದು, ಕೊನೆಯದು ಟ್ರಾಟ್ಸ್ಕಿಗೆ ಜೈಕಾರ. ಸ್ಟಾಲಿನ್ ಯುಗದಲ್ಲಿ ಅವನ ಎದುರಾಳಿ ಟ್ರಾಟ್ಸ್ಕಿಯ ಹೆಸರು ಬೈಗುಳಕ್ಕಷ್ಟೇ ಬಳಕೆಯಲ್ಲಿತ್ತು.

ಕಾರ್ಡು ಪಕ್ಷದ ಸಮಿತಿಯ ಕೈಸೇರುತ್ತದೆ. ತಮಾಷೆಗೆ ಬರೆದೆ ಎಂಬ ಉತ್ತರವೇ ಹೊಸ ಅಪರಾಧವಾಗುತ್ತದೆ: ಇಂಥ ವಿಷಯದಲ್ಲಿ ತಮಾಷೆ ಹೊಳೆಯುವವನ ಮನಸ್ಸು ಎಂಥದಿರಬೇಕು ಎಂಬುದು ವಿಚಾರಣೆಯ ತರ್ಕ. ಸಭೆಯ ಅಧ್ಯಕ್ಷ ಪಾವೆಲ್ ಜೆಮಾನೆಕ್ ಲುಡ್ವಿಕ್‌ನ ಗೆಳೆಯ. ಬಿಡಿಸಿಯಾನು ಎಂಬ ಆಸೆ ಲುಡ್ವಿಕ್‌ಗಿರುತ್ತದೆ. ಜೆಮಾನೆಕ್ ಮೊದಲು ನಾಜಿಗಳ ಕೈಯಲ್ಲಿ ಹತನಾದ ಪತ್ರಕರ್ತ ಯೂಲಿಯಸ್ ಫುಚಿಕ್‌ನ ಸೆರೆಮನೆಯ ಬರಹವನ್ನು ಓದಿ, ಅದರ ಪಕ್ಕಕ್ಕೆ ಕಾರ್ಡಿನ ಸಾಲುಗಳನ್ನಿಟ್ಟು ಉಚ್ಚಾಟನೆ ಸೂಚಿಸುತ್ತಾನೆ. ಸಭಾಂಗಣದಲ್ಲಿದ್ದ ಎಲ್ಲರ ಕೈಗಳೂ ಮೇಲೇಳುತ್ತವೆ. ಪಕ್ಷವೂ ಹೋಯಿತು, ವಿಶ್ವವಿದ್ಯಾಲಯವೂ ಹೋಯಿತು. ಆ ಎತ್ತಿದ ಕೈಗಳು ಲುಡ್ವಿಕ್‌ನನ್ನು ಜೀವನವಿಡೀ ಬಿಡುವುದಿಲ್ಲ. ಹೊಸಬರನ್ನು ಕಂಡಾಗಲೆಲ್ಲ ಇವರೂ ಅಂದು ಕೈ ಎತ್ತುತ್ತಿದ್ದರೇ ಎಂದು ಅಳೆಯುವುದು ಅವನ ಚಾಳಿಯಾಗುತ್ತದೆ.

ಒಸ್ಟ್ರಾವಾದ ಗಣಿಯಲ್ಲಿ ಕಪ್ಪು ಬಿಲ್ಲೆ ತೊಟ್ಟು ದುಡಿಯುವಾಗ ಲುಸಿಯೆ ಎಂಬ ಮೌನಿ ಕಾರ್ಖಾನೆ ಕೆಲಸಗಾತಿಯ ಪರಿಚಯವಾಗುತ್ತದೆ. ಅವಳು ಪ್ರತಿ ಸಲವೂ ಬೇಲಿಯಾಚೆಯಿಂದ ಹೂ ತಂದುಕೊಡುತ್ತಾಳೆ. ಲುಡ್ವಿಕ್ ದೇಹಸಂಬಂಧಕ್ಕೆ ಒತ್ತಾಯಿಸಿದಾಗ ಪ್ರತಿಭಟಿಸಿ, ಕೊನೆಗೆ ಊರು ಬಿಟ್ಟು ಕಾಣೆಯಾಗುತ್ತಾಳೆ. ಅವಳಿಗಾಗಿ ಶಿಬಿರದಿಂದ ತಪ್ಪಿಸಿಕೊಂಡು ಹೋದದ್ದಕ್ಕೆ ಲುಡ್ವಿಕ್‌ಗೆ ಸೆರೆಮನೆಯಾಗುತ್ತದೆ.

ಹದಿನೈದು ವರ್ಷಗಳ ಬಳಿಕ, ಈಗ ವಿಜ್ಞಾನ ಸಂಸ್ಥೆಯೊಂದರಲ್ಲಿರುವ ಲುಡ್ವಿಕ್ ದಕ್ಷಿಣ ಮೊರಾವಿಯಾದ ತನ್ನ ಹುಟ್ಟೂರಿಗೆ ಬರುತ್ತಾನೆ. ಕಾದಂಬರಿ ಶುರುವಾಗುವುದು ಇಲ್ಲಿಂದ. ಬಂದ ಕಾರಣ ಸೇಡು: ಜೆಮಾನೆಕ್‌ನ ಹೆಂಡತಿ, ರೇಡಿಯೊ ವರದಿಗಾರ್ತಿ ಹೆಲೆನಾಳನ್ನು ಒಲಿಸಿಕೊಂಡು ಆ ಮೂಲಕ ಗಂಡನನ್ನು ಅವಮಾನಿಸುವುದು. ಯೋಜನೆ ಕೈಗೂಡಿದ ಮೇಲೆ ತಿಳಿಯುತ್ತದೆ, ಗಂಡಹೆಂಡಿರ ಸಂಬಂಧ ಹರಿದು ಎಷ್ಟೋ ಕಾಲವಾಗಿದೆ ಎಂದು. ಜೆಮಾನೆಕ್ ಊರಿಗೆ ಬರುವುದೇ ಎಳೆಯ ಪ್ರೇಯಸಿಯೊಡನೆ. ಅವನೀಗ ಸ್ಟಾಲಿನ್‌ವಾದದ ಟೀಕಾಕಾರ, ವಿದ್ಯಾರ್ಥಿಗಳ ಮೆಚ್ಚಿನ ಅಧ್ಯಾಪಕ. ಲುಡ್ವಿಕ್ ದ್ವೇಷಿಸಲು ಬಂದಿದ್ದ ಮನುಷ್ಯನೇ ಉಳಿದಿಲ್ಲ. ಮೋಸ ಅರಿತ ಹೆಲೆನಾ ಸಾಯಲೆಂದು, ಸಹೋದ್ಯೋಗಿ ತರುಣನ ಕೋಟಿನಲ್ಲಿ ಸಿಕ್ಕ ನೋವಿನ ಮಾತ್ರೆಗಳನ್ನು ನುಂಗುತ್ತಾಳೆ. ಡಬ್ಬಿಯ ಹೆಸರು ನೋವಿನ ಮಾತ್ರೆಯದು, ಒಳಗಿದ್ದದ್ದು ಭೇದಿ ಮಾತ್ರೆ. ಲುಡ್ವಿಕ್ ಧಾವಿಸಿ ಬಂದಾಗ ಅವಳು ಸಿಗುವುದು ಶೌಚಾಲಯದಲ್ಲಿ.

ಕೊನೆಯ ದೃಶ್ಯದಲ್ಲಿ ಲುಡ್ವಿಕ್ ಬಾಲ್ಯದ ಗೆಳೆಯ ಯಾರೊಸ್ಲಾವ್‌ನ ಜಾನಪದ ವಾದ್ಯತಂಡದ ಜೊತೆ ಕೂತು, ವರ್ಷಗಳ ನಂತರ ಕ್ಲಾರಿನೆಟ್ ಊದುತ್ತಾನೆ. ಕೇಳುಗರು ಕುಡಿದು ಗದ್ದಲ ಮಾಡುತ್ತಿರುವಾಗಲೇ ಯಾರೊಸ್ಲಾವ್‌ಗೆ ಹೃದಯಾಘಾತವಾಗುತ್ತದೆ.

ನಿರೂಪಣೆಯ ರಚನೆ

ಕಾದಂಬರಿಯಲ್ಲಿ ಏಳು ಭಾಗಗಳಿವೆ. ಏಳು ಭಾಗಗಳ ಈ ವಿನ್ಯಾಸ ಕುಂದೇರಾರ ಮುಂದಿನ ಹಲವು ಕಾದಂಬರಿಗಳಲ್ಲೂ ಮರಳುತ್ತದೆ. ನಿರೂಪಕರು ನಾಲ್ವರು. ಒಂದು, ಮೂರು, ಐದನೆಯ ಭಾಗಗಳು ಲುಡ್ವಿಕ್‌ನವು. ಎರಡನೆಯದು ಹೆಲೆನಾಳದು, ನಾಲ್ಕನೆಯದು ಯಾರೊಸ್ಲಾವ್‌ನದು, ಆರನೆಯದು ಲುಡ್ವಿಕ್‌ನ ಪರಿಚಿತ, ಕ್ರೈಸ್ತ ಶ್ರದ್ಧೆಯ ಕೊಸ್ಟ್ಕಾನದು. ಏಳನೆಯದರಲ್ಲಿ ಲುಡ್ವಿಕ್, ಹೆಲೆನಾ, ಯಾರೊಸ್ಲಾವ್ ಮೂವರೂ ಸರದಿಯ ಮೇಲೆ, ಬರಬರುತ್ತ ವೇಗವಾಗಿ ಮಾತಾಡುತ್ತಾರೆ. ಪುಸ್ತಕದ ಮೂರನೇ ಎರಡು ಪಾಲು ಲುಡ್ವಿಕ್‌ಗೆ, ಆರನೇ ಒಂದು ಪಾಲು ಯಾರೊಸ್ಲಾವ್‌ಗೆ, ಒಂಬತ್ತನೇ ಒಂದು ಕೊಸ್ಟ್ಕಾಗೆ, ಹದಿನೆಂಟನೇ ಒಂದು ಹೆಲೆನಾಗೆ ಎಂದು ಲೇಖಕರೇ ಲೆಕ್ಕ ಕೊಟ್ಟಿದ್ದಾರೆ. ಸಂಗೀತಗಾರನ ಮಗನ ತಾಳದ ಲೆಕ್ಕ ಇದರಲ್ಲಿ ಕಾಣದಿರದು.

ಪ್ರತಿಯೊಬ್ಬ ನಿರೂಪಕನಿಗೂ ಒಂದೊಂದು ನಂಬಿಕೆಯಿದೆ. ಹೆಲೆನಾ ಪಕ್ಷದ ಹಾಡುಗಳಲ್ಲೇ ಉಸಿರಾಡುವವಳು. ಅವಳ ಭಾಗದಲ್ಲಿ ವಾಕ್ಯಗಳು ಪೂರ್ಣವಿರಾಮವಿಲ್ಲದೆ ಒಂದರ ಬೆನ್ನಿಗೊಂದು ಹರಿಯುತ್ತವೆ. ಯಾರೊಸ್ಲಾವ್‌ಗೆ ಜಾನಪದವೇ ದೇವರು. ಕೊಸ್ಟ್ಕಾ ಏಸುವನ್ನೂ ಸಮಾಜವಾದವನ್ನೂ ಒಟ್ಟಿಗೆ ಹಿಡಿಯಲು ಹೆಣಗುವವನು. ಲುಡ್ವಿಕ್‌ನ ಪಾಲಿಗೆ ಉಳಿದಿರುವುದು ನಂಬಿಕೆ ಕಳೆದುಕೊಂಡ ವ್ಯಂಗ್ಯ ಮಾತ್ರ.

ಲುಸಿಯೆಗೆ ಮಾತೇ ಇಲ್ಲ. ಅವಳನ್ನು ಓದುಗರು ಲುಡ್ವಿಕ್‌ನ ಮತ್ತು ಮುಂದೆ ಅವಳನ್ನು ಭೇಟಿಯಾದ ಕೊಸ್ಟ್ಕಾನ ಕಣ್ಣುಗಳಿಂದ ಮಾತ್ರ ಕಾಣುತ್ತಾರೆ, ಎರಡು ಚಿತ್ರಗಳೂ ತಾಳೆಯಾಗುವುದಿಲ್ಲ. ಹದಿಹರೆಯದಲ್ಲಿ ಅವಳ ಮೇಲೆ ಹುಡುಗರ ಗುಂಪೊಂದು ಅತ್ಯಾಚಾರ ಮಾಡಿತ್ತೆಂಬುದೂ ಲುಡ್ವಿಕ್‌ಗೆ ತಂದುಕೊಡುತ್ತಿದ್ದ ಹೂಗಳು ಸ್ಮಶಾನದಿಂದ ಕದ್ದವೆಂಬುದೂ ಕೊಸ್ಟ್ಕಾನ ಭಾಗದಲ್ಲಷ್ಟೇ ತಿಳಿಯುತ್ತವೆ. ತನ್ನ ನೋವಿನ ಲೆಕ್ಕದಲ್ಲೇ ಮುಳುಗಿದ್ದ ಲುಡ್ವಿಕ್ ಅವಳ ನೋವನ್ನು ನೋಡಲೇ ಇಲ್ಲ. ಕಾದಂಬರಿ ಅವನನ್ನು ಬಲಿಪಶುವಾಗಿ ಮಾತ್ರ ನಿಲ್ಲಲು ಬಿಡದಿರುವುದು ಈ ಕಾರಣಕ್ಕೆ. ಇದನ್ನು ಪ್ರೇಮಕಥೆಯೆಂದೇ ಓದಬೇಕೆಂದು ಕುಂದೇರಾ ಹಟ ಹಿಡಿದದ್ದಕ್ಕೂ ಇದೇ ಆಧಾರ.

ವಿಡಂಬನೆಯ ಬಗೆ

ಚೆಕ್ ಸಾಹಿತ್ಯದಲ್ಲಿ ಆಳುವವರನ್ನು ನಗೆಗೀಡುಮಾಡುವ ಪರಂಪರೆ ಹಳೆಯದು. ಯಾರೊಸ್ಲಾವ್ ಹಾಶೆಕ್‌ನ ಸೈನಿಕ ಶ್ವೇಯ್ಕ್ (1921–23) ಅದರ ಪ್ರಸಿದ್ಧ ಮಾದರಿ. ಶ್ವೇಯ್ಕ್ ಮೇಲಧಿಕಾರಿಯ ಆಜ್ಞೆಯನ್ನು ಅಕ್ಷರಶಃ ಪಾಲಿಸಿಯೇ ಅದನ್ನು ಹಾಸ್ಯಾಸ್ಪದ ಮಾಡುತ್ತಾನೆ. ಝೆರ್ಟ್‌ನಲ್ಲಿ ಅಕ್ಷರಶಃ ಓದುವ ಅಧಿಕಾರ ಪ್ರಭುತ್ವದ ಕೈಯಲ್ಲಿದೆ, ಆದ್ದರಿಂದ ನಗುವಿಗೆ ಬೆಲೆ ತೆರುವವನು ನಕ್ಕವನೇ.

ಗಣಿ ಶಿಬಿರದ ಅಧ್ಯಾಯಗಳಲ್ಲಿ ಮಾತ್ರ ಹಳೆಯ ಬಗೆಯ ನಗೆ ಧಾರಾಳವಾಗಿದೆ. ಗೋಡೆಗೆ ಚಿತ್ರ ಬರೆಯಲು ಹೇಳಿದಾಗ ಚಿತ್ರಕಾರ ಸೈನಿಕನೊಬ್ಬ ಬೆತ್ತಲೆ ಹೆಂಗಸರನ್ನು ಬರೆದು, ಇವರು ಕೆಂಪು ಸೇನೆ ಮೊದಲಾದವುಗಳ ರೂಪಕಗಳು ಎಂದು ವಿವರಣೆ ಕೊಡುತ್ತಾನೆ. ಅಧಿಕಾರಿಗಳ ತಂಡದೊಡನೆ ಏರ್ಪಡಿಸಿದ ರಿಲೇ ಓಟದಲ್ಲಿ ಶಿಬಿರದವರು ಬಲು ಶ್ರಮಪಟ್ಟವರಂತೆ ನಟಿಸುತ್ತ ಆಮೆನಡಿಗೆಯಲ್ಲಿ ಓಡಿ ಸೋಲುತ್ತಾರೆ, ಗೆದ್ದವರೇ ಪೆಚ್ಚಾಗುತ್ತಾರೆ. ಇದೇ ಶಿಬಿರದಲ್ಲಿ ಪಕ್ಷವನ್ನು ಮನಸಾರೆ ನಂಬಿದ್ದ ಅಲೆಕ್ಸೆಯ್ ಎಂಬ ಹುಡುಗ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಅವನನ್ನು ಕಾಡಿದವರಲ್ಲಿ ಅಧಿಕಾರಿಗಳಷ್ಟೇ ಅಲ್ಲ, ಜೊತೆಯ ಶಿಬಿರವಾಸಿಗಳೂ ಇದ್ದರು.

ಐದನೆಯ ಭಾಗದಲ್ಲಿ ಬರುವ ನಾಮಕರಣ ಸಮಾರಂಭ ಇನ್ನೊಂದು ಬಗೆಯದು. ಚರ್ಚಿನ ದೀಕ್ಷಾಸ್ನಾನಕ್ಕೆ ಪರ್ಯಾಯವಾಗಿ ಸರ್ಕಾರ ಹುಟ್ಟುಹಾಕಿದ, ಪುರಸಭೆಯಲ್ಲಿ ‘ಹೊಸ ಪ್ರಜೆಗಳ’ನ್ನು ಸ್ವಾಗತಿಸುವ ಈ ವಿಧಿ ವಾಸ್ತವದಲ್ಲೂ ಇತ್ತು. ಶಾಲಾಮಕ್ಕಳ ಪದ್ಯ, ಅಧಿಕಾರಿಯ ಭಾಷಣ, ತಾಯಂದಿರ ಕೈಗೆ ಹೂ. ಲುಡ್ವಿಕ್ ಅದನ್ನು ವರದಿಗಾರನಂತೆ ಒಂದೊಂದಾಗಿ ದಾಖಲಿಸುತ್ತಾನೆ. ಟೀಕೆಯ ಮಾತು ಬೇಕಾಗುವುದೇ ಇಲ್ಲ.

ಒಟ್ಟಾರೆ ಕಾದಂಬರಿಯ ತಮಾಷೆಗಳೆಲ್ಲ ಗುರಿ ತಪ್ಪುವಂಥವು. ಕಾರ್ಡು ಮಾರ್ಕೇಟಾಳನ್ನು ನಗಿಸಲಿಲ್ಲ, ಸೇಡು ಜೆಮಾನೆಕ್‌ನನ್ನು ತಾಕಲಿಲ್ಲ, ಮಾತ್ರೆ ಹೆಲೆನಾಳನ್ನು ಕೊಲ್ಲಲಿಲ್ಲ.

ಜಾನಪದ ಮತ್ತು ರಾಜರ ಸವಾರಿ

ನಾಲ್ಕನೆಯ ಭಾಗದ ದೊಡ್ಡ ಪಾಲು ಮೊರಾವಿಯಾದ ಜಾನಪದ ಸಂಗೀತದ ಮೇಲಿನ ಪ್ರಬಂಧ. ಸ್ವರಲಿಪಿಯ ಉದಾಹರಣೆಗಳೂ ಇವೆ. ಯಾರೊಸ್ಲಾವ್‌ನ ತಂಡದಲ್ಲಿ ಪಿಟೀಲು, ಕ್ಲಾರಿನೆಟ್‌ಗಳ ಜೊತೆ ನಮ್ಮ ಸಂತೂರಿನ ಹಾಗೆ ಕೋಲಿನಿಂದ ತಂತಿ ತಟ್ಟಿ ನುಡಿಸುವ ಸಿಂಬಲೊಮ್ ಇದೆ. 1948ರ ನಂತರ ಪ್ರಭುತ್ವ ಜಾನಪದಕ್ಕೆ ಹಣ, ವೇದಿಕೆ, ರೇಡಿಯೊ ಎಲ್ಲವನ್ನೂ ಒದಗಿಸಿತು. ಬದಲಿಗೆ ಹಳೆಯ ಧಾಟಿಗಳಿಗೆ ಸ್ಟಾಲಿನ್‌ನನ್ನೂ ಸಾಮೂಹಿಕ ಬೇಸಾಯವನ್ನೂ ಹೊಗಳುವ ಪದಗಳನ್ನು ಕೂಡಿಸಿತು. ಪೋಷಣೆಯಿಂದಲೇ ಒಂದು ಕಲೆ ಹೇಗೆ ಟೊಳ್ಳಾಗುತ್ತದೆ ಎಂಬುದರ ಇಷ್ಟು ವಿವರವಾದ ನೋಟ ಆ ಕಾಲದ ಕಾದಂಬರಿಗಳಲ್ಲಿ ಅಪರೂಪ.

ಕಥೆ ನಡೆಯುವ ದಿನಗಳಲ್ಲೇ ಊರಿನಲ್ಲಿ ‘ರಾಜರ ಸವಾರಿ’ ಎಂಬ ವಸಂತದ ಆಚರಣೆ ಇದೆ. ಹೆಂಗಸಿನ ಉಡುಪು ತೊಟ್ಟು, ಮುಖಕ್ಕೆ ರಿಬ್ಬನ್ನುಗಳ ಮರೆ ಇಳಿಬಿಟ್ಟು, ಬಾಯಲ್ಲಿ ಗುಲಾಬಿ ಕಚ್ಚಿಕೊಂಡ ಹುಡುಗನೊಬ್ಬ ರಾಜನಾಗಿ ಕುದುರೆಯ ಮೇಲೆ ಮೌನವಾಗಿ ಸಾಗುತ್ತಾನೆ. ಸುತ್ತಲಿನ ಸವಾರರು ಪದ್ಯ ಕೂಗುತ್ತ ಅವನಿಗಾಗಿ ಕಾಣಿಕೆ ಬೇಡುತ್ತಾರೆ. ಯುದ್ಧದಲ್ಲಿ ಸೋತ ಹಂಗೇರಿಯ ದೊರೆ ಮಾಥಿಯಾಸ್ ಹೆಂಗಸಿನ ವೇಷದಲ್ಲಿ ಪಾರಾದ ಐತಿಹ್ಯಕ್ಕೆ ಇದನ್ನು ಜೋಡಿಸುತ್ತಾರೆ. ಕಾದಂಬರಿಯಲ್ಲಿ ರಾಜನಾಗುವ ಗೌರವ ಯಾರೊಸ್ಲಾವ್‌ನ ಮಗ ವ್ಲಾದಿಮೀರ್‌ಗೆ ಸಿಕ್ಕಿದೆ. ಮೆರವಣಿಗೆಯುದ್ದಕ್ಕೂ ತಂದೆ ಹೆಮ್ಮೆಯಿಂದ ನೋಡುವ ಆ ಮುಸುಕಿನ ಒಳಗಿರುವುದು ಬೇರೆ ಹುಡುಗ. ಮಗ ತಾಯಿಗೆ ತಿಳಿದಂತೆಯೇ ಬ್ರನೊದಲ್ಲಿ ಮೋಟಾರ್‌ಸೈಕಲ್ ರೇಸ್ ನೋಡಲು ಹೋಗಿದ್ದಾನೆ. ಆಗ್ನೇಯ ಚೆಕ್ ಪ್ರದೇಶದ ಈ ಆಚರಣೆಯನ್ನು ಯುನೆಸ್ಕೊ 2011ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ವ್ಲ್ಚ್‌ನೊವ್ ಹಳ್ಳಿಯಲ್ಲಿ ಅದು ಪ್ರತಿವರ್ಷವೂ ನಡೆಯುತ್ತದೆ.

ನಿಷೇಧ

1968ರ ಆಗಸ್ಟ್ 20ರ ರಾತ್ರಿ ಸೋವಿಯತ್ ನೇತೃತ್ವದ ವಾರ್ಸಾ ಒಪ್ಪಂದದ ಸೇನೆಗಳು ಚೆಕೊಸ್ಲೊವಾಕಿಯಕ್ಕೆ ನುಗ್ಗಿದವು. 1969ರ ಏಪ್ರಿಲ್‌ನಲ್ಲಿ ಗುಸ್ತಾವ್ ಹುಸಾಕ್ ಪಕ್ಷದ ಚುಕ್ಕಾಣಿ ಹಿಡಿದ ಮೇಲೆ ಶುರುವಾದ ಅವಧಿಗೆ ಅಧಿಕೃತ ಹೆಸರು ‘ಸಾಮಾನ್ಯೀಕರಣ’. ಕುಂದೇರಾ ಪಕ್ಷದಿಂದ ಹೊರಬಿದ್ದರು. ಪ್ರಾಗ್‌ನ ಚಲನಚಿತ್ರ ಅಕಾಡೆಮಿಯ ಅಧ್ಯಾಪಕ ಹುದ್ದೆ ಹೋಯಿತು. ಅವರ ಪುಸ್ತಕಗಳನ್ನು ಸಾರ್ವಜನಿಕ ಗ್ರಂಥಾಲಯಗಳ ಕಪಾಟಿನಿಂದ ತೆಗೆದರು. ಝೆರ್ಟ್ ಅಚ್ಚಾಗದಂತೆ ತಡೆಯುವ ಕಾಲ ಮೀರಿತ್ತು. ಅಚ್ಚಾಗಿತ್ತೆಂಬ ನೆನಪನ್ನೇ ಅಳಿಸುವುದು ಈಗಿನ ಉದ್ದೇಶ; ಆದರೆ ಲಕ್ಷಕ್ಕೂ ಹೆಚ್ಚು ಪ್ರತಿಗಳು ಆಗಲೇ ಮನೆಗಳನ್ನು ಸೇರಿದ್ದವು.

1975ರಲ್ಲಿ ಕುಂದೇರಾ ಫ್ರಾನ್ಸಿನ ರೆನ್ ನಗರಕ್ಕೆ ಹೋದರು. 1979ರಲ್ಲಿ ಸರ್ಕಾರ ಅವರ ಚೆಕೊಸ್ಲೊವಾಕ್ ಪೌರತ್ವ ಕಿತ್ತುಕೊಂಡಿತು. 1981ರಲ್ಲಿ ಫ್ರೆಂಚ್ ಪೌರತ್ವ ದೊರೆಯಿತು.

ಅನುವಾದಗಳು

ಫ್ರೆಂಚ್ ಅನುವಾದ 1968ರಲ್ಲಿ ಗಲಿಮಾರ್ ಪ್ರಕಾಶನದಿಂದ ಬಂದಿತು. ಅದಕ್ಕೆ ಮುನ್ನುಡಿ ಬರೆದವನು ಕವಿ ಲೂಯಿ ಅರಗಾನ್. ದೀರ್ಘಕಾಲದ ಕಮ್ಯುನಿಸ್ಟನಾಗಿದ್ದ ಅವನು ಅಲ್ಲಿಯೇ ಸೋವಿಯತ್ ಆಕ್ರಮಣವನ್ನು ಖಂಡಿಸಿದ. ಈ ಮುನ್ನುಡಿಯಿಂದ ಪುಸ್ತಕ ಯುರೋಪಿನಲ್ಲಿ ಹೆಸರಾಯಿತು, ಜೊತೆಗೆ ರಾಜಕೀಯ ಕೃತಿಯೆಂಬ ಹಣೆಪಟ್ಟಿಯೂ ಅಂಟಿತು. ಸುಮಾರು ಹತ್ತು ವರ್ಷಗಳ ಬಳಿಕ ಅನುವಾದವನ್ನು ಸ್ವತಃ ಓದಿದ ಕುಂದೇರಾ, ತಮ್ಮ ಬರಿಮೈಯ ಗದ್ಯಕ್ಕೆ ಅನುವಾದಕ ಒಡವೆ ತೊಡಿಸಿರುವುದನ್ನು ಕಂಡು ಬೆಚ್ಚಿದರು. ತಿದ್ದಿದ ಆವೃತ್ತಿ 1980ರಲ್ಲಿ ಬಂದಿತು, ಆಮೇಲೆ ಮತ್ತೂ ಪರಿಷ್ಕಾರಗೊಂಡಿತು.

ಇಂಗ್ಲಿಷಿನಲ್ಲಿ ಆದದ್ದು ಇನ್ನೂ ಹೆಚ್ಚು. 1969ರ ಲಂಡನ್ ಆವೃತ್ತಿ ಭಾಗಗಳನ್ನು ಒಡೆದು, ಘಟನೆಗಳನ್ನು ಕಾಲಾನುಕ್ರಮಕ್ಕೆ ಜೋಡಿಸಿ, ಜಾನಪದ ಸಂಗೀತದ ಪ್ರಬಂಧವನ್ನು ಕತ್ತರಿಸಿತ್ತು. ಪ್ರಾಗ್‌ನ ಸೆನ್ಸಾರಿಗೆ ಒಂದು ಪದ ಬಿಟ್ಟುಕೊಡದಿದ್ದ ಲೇಖಕರು ಲಂಡನ್ನಿನ ಪತ್ರಿಕೆಗೆ ಪತ್ರ ಬರೆದು ಪ್ರತಿಭಟಿಸಬೇಕಾಯಿತು. 1970ರ ಅಗ್ಗದ ಆವೃತ್ತಿಯಲ್ಲಿ ಮೂಲ ಕ್ರಮ ಮರಳಿತು. 1982ರಲ್ಲಿ ಮೈಕಲ್ ಹೆನ್ರಿ ಹೈಮ್ ಹೊಸದಾಗಿ ಅನುವಾದಿಸಿದರು. ಅದೂ ಕುಂದೇರಾರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಲೇಖಕರೇ ಕೈಯಾಡಿಸಿದ 1992ರ ಪಾಠ ಇಂಗ್ಲಿಷಿನಲ್ಲಿ ಐದನೆಯದು, ಕಡೆಯದು. ಅನುವಾದದ ವಿಷಯದಲ್ಲಿ ಅವರು ಜೀವನವಿಡೀ ತೋರಿದ ಹಟ ಈ ಕಾದಂಬರಿಯಿಂದ ಹುಟ್ಟಿದ್ದು.

ಚಲನಚಿತ್ರ

ಕಾದಂಬರಿಯನ್ನಾಧರಿಸಿ ಯರೊಮಿಲ್ ಯಿರೆಶ್ ನಿರ್ದೇಶಿಸಿದ ಚಿತ್ರಕ್ಕೆ ಕುಂದೇರಾ ಸಹಚಿತ್ರಕಥೆಗಾರ. ಲುಡ್ವಿಕ್‌ನ ಪಾತ್ರದಲ್ಲಿ ಯೊಸೆಫ್ ಸೊಮ್ರ್ ನಟಿಸಿದರು. ಲುಸಿಯೆಯ ಕಥೆಯನ್ನು ಕೈಬಿಟ್ಟು, ವರ್ತಮಾನದ ಬೀದಿಯಲ್ಲಿ ನಡೆಯುತ್ತಿರುವ ಲುಡ್ವಿಕ್‌ಗೆ ಹಿಂದಿನ ವಿಚಾರಣೆಯ ದನಿಗಳು ನೇರವಾಗಿ ಕೇಳಿಸುವಂತೆ ಸಂಕಲನ ಮಾಡಿರುವುದು ಅದರ ವಿಶೇಷ. ಆಕ್ರಮಣದ ನಂತರ, 1969ರ ಆರಂಭದಲ್ಲಿ ತೆರೆಕಂಡ ಚಿತ್ರವನ್ನು ಬೇಗನೆ ನಿಷೇಧಿಸಲಾಯಿತು.

ಸಮಾನ ಕೃತಿಗಳು

ಯೊಸೆಫ್ ಶ್ಕ್ವೊರೆಟ್ಸ್ಕಿ 1950ರ ದಶಕದಲ್ಲೇ ಬರೆದ, ಟ್ಯಾಂಕ್ ದಳವೊಂದರ ದಡ್ಡತನಗಳ ಕಾದಂಬರಿ ‘ಟಾಂಕೊವಿ ಪ್ರಾಪೊರ್’ ಚೆಕ್ ಭಾಷೆಯಲ್ಲಿ ಪುಸ್ತಕವಾದದ್ದು 1971ರಲ್ಲಿ, ಟೊರಾಂಟೊದಲ್ಲಿ ಲೇಖಕ ದಂಪತಿಯೇ ಕಟ್ಟಿದ ‘68 ಪಬ್ಲಿಷರ್ಸ್’ನಿಂದ. ಮಿಲೊಸ್ಲಾವ್ ಶ್ವಾಂದ್ರ್ಲಿಕ್‌ನ ‘ಚೆರ್ನಿ ಬರೊನಿ’ (1969) ಕಪ್ಪು ಬಿಲ್ಲೆಯ ದಳಗಳನ್ನೇ ಪೂರ್ಣ ನಗೆಬರಹವಾಗಿಸಿತು. ಅದಕ್ಕೂ ನಿಷೇಧ ಬಿತ್ತು. ಬೊಹುಮಿಲ್ ಹ್ರಬಾಲ್‌ನ ಕಥೆಗಳನ್ನಾಧರಿಸಿ ಯಿರಿ ಮೆನ್ಜೆಲ್ 1969ರಲ್ಲಿ ತೆಗೆದ ‘ಸ್ಕ್ರಿವಾಂತ್ಸಿ ನ ನಿತಿ’ ಚಿತ್ರ 1990ರವರೆಗೆ ಡಬ್ಬಿಯಲ್ಲೇ ಉಳಿದು, ಅದೇ ವರ್ಷ ಬರ್ಲಿನ್‌ನ ಅತ್ಯುನ್ನತ ಬಹುಮಾನವನ್ನು ಇನ್ನೊಂದು ಚಿತ್ರದೊಡನೆ ಹಂಚಿಕೊಂಡಿತು. ಇವೆಲ್ಲವುಗಳಿಗಿಂತ ಝೆರ್ಟ್‌ನಲ್ಲಿ ನಗು ಕಡಿಮೆ, ಕಹಿ ಹೆಚ್ಚು.

ಇಂದಿನ ಸ್ಥಿತಿ

1989ರ ನವೆಂಬರಿನ ಕ್ರಾಂತಿಯ ಬಳಿಕ ನಿಷೇಧ ಬಿದ್ದುಹೋಯಿತು. 1991ರಲ್ಲಿ ಬ್ರನೊದ ಅಟ್ಲಾಂಟಿಸ್ ಪ್ರಕಾಶನ ಕಾದಂಬರಿಯನ್ನು ಮರುಮುದ್ರಿಸಿತು. ತಮ್ಮ ಕೃತಿಗಳ ಚೆಕ್ ಆವೃತ್ತಿಗಳಿಗೆ ಅನುಮತಿ ಕೊಡುವುದರಲ್ಲಿ ಕುಂದೇರಾ ಬಿಗಿಯಾಗಿಯೇ ಇದ್ದರು. ಅವರ ಅತ್ಯಂತ ಪ್ರಸಿದ್ಧ ಕಾದಂಬರಿ, ಪ್ರಾಗ್ ವಸಂತದ ಹಿನ್ನೆಲೆಯದು, ಸ್ವದೇಶದಲ್ಲಿ ಅಚ್ಚಾದದ್ದು 2006ರಲ್ಲಿ. ಝೆರ್ಟ್ ಹಾಗೆ ಕಾಯಬೇಕಾಗಲಿಲ್ಲ. ಚೆಕ್ ಪೌರತ್ವ ಲೇಖಕರಿಗೆ ಮರಳಿದ್ದು 2019ರಲ್ಲಿ, ಅವರ ತೊಂಬತ್ತರ ವಯಸ್ಸಿನಲ್ಲಿ.

2020ರಲ್ಲಿ ಅವರು ತಮ್ಮ ಖಾಸಗಿ ಪುಸ್ತಕಸಂಗ್ರಹವನ್ನೂ ಕಾಗದಪತ್ರಗಳನ್ನೂ ಬ್ರನೊದ ಮೊರಾವಿಯನ್ ಗ್ರಂಥಾಲಯಕ್ಕೆ ಕೊಡಲು ನಿರ್ಧರಿಸಿದರು. ಅಲ್ಲಿನ ಮಿಲನ್ ಕುಂದೇರಾ ಗ್ರಂಥಾಲಯ ತೆರೆದದ್ದು 2023ರ ಏಪ್ರಿಲ್ 1ರಂದು. ಅದೇ ವರ್ಷದ ಜುಲೈ 11ರಂದು ಅವರು ಪ್ಯಾರಿಸಿನಲ್ಲಿ ತೀರಿಕೊಂಡರು. ಹಲವು ಭಾಷೆಗಳಲ್ಲಿ ಅಚ್ಚಾದ ಅವರ ಕೃತಿಗಳ ಆವೃತ್ತಿಗಳನ್ನು ಬ್ರನೊದ ಆ ಗ್ರಂಥಾಲಯದಲ್ಲಿ ಒಂದೇ ಸೂರಿನಡಿ ನೋಡಬಹುದು.